ಬೇರನ್ ತಗಡಿನ ಗಾರ್ಡು

ಹೋದ ತಿಂಗಳು ತಂಗಿಯ ಮನೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಬಸ್ಸಿನಲ್ಲಲ್ಲ, ನನ್ನ ಬೈಕಿನಲ್ಲೇ. ತೆಂಗಿನಕಾಯಿ ಮಾರ್ಕೆಟ್ಟಿನ ಲಾರಿಗಳನ್ನು ದಾಟಿ ಹೈವೇಗೆ ಸೇರುವಾಗ ಹಿಂದಿನ ಚಕ್ರದ ಗಾಳಿ ಇಳಿಯಿತು. ಪಂಕ್ಚರ್ ಹಾಕಿಸಲು ನಿಲ್ಲಿಸಿದ ಅಂಗಡಿಯ ಮುಂದೆ ಬೈಕಿಗೆ ಹಾಕುವ ಗಾರ್ಡುಗಳನ್ನು ತೋರಣದ ಹಾಗೆ ನೇತುಹಾಕಿದ್ದರು. ಮುಂದಕ್ಕೊಂದು, ಎಂಜಿನ್ನಿಗೊಂದು, ಸೈಲೆನ್ಸರಿಗೊಂದು, ಎಲ್ಲವೂ ಮಿರಮಿರ ಹೊಳೆಯುತ್ತಿದ್ದವು. ಅಂಗಡಿಯವನು ಬಗ್ಗಿ ನನ್ನ ಗಾಡಿಯ ಹೊಟ್ಟೆಯ ಕೆಳಗೆ ನೋಡಿ ನಕ್ಕ. ಈ ಗುಜರಿ ಬಿಚ್ಚಿ ಬಿಸಾಕಿ ಮೇಡಂ, ಈಗ ನಿಮ್ಮ ಗಾಡಿಗೂ ರೆಡಿಮೇಡ್ ಬಂದಿದೆ ಅಂದ. ಗುಜರಿ ಅಂದದ್ದಕ್ಕೆ ನನಗೆ ಪಿತ್ತ ನೆತ್ತಿಗೇರಿತು. ನೀನು ಚಕ್ರ ನೋಡಪ್ಪ, ಹೊಟ್ಟೆ ನನ್ನದು ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ತುಂತುರು ಬೀಳುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಯಾರೋ ಗ್ರೈಂಡರ್ ಹಿಡಿದು ಕಬ್ಬಿಣ ಕೊಯ್ಯುತ್ತಿದ್ದರು. ಸುಟ್ಟ ಕಬ್ಬಿಣ ಮತ್ತು ಒದ್ದೆ ಮಣ್ಣು ಎರಡೂ ಸೇರಿದ ಆ ವಾಸನೆ ಒಂದು ಮಳೆಗಾಲ ಪೂರ್ತಿ ನನ್ನ ಕೂದಲಲ್ಲಿ, ಊಟದ ತಟ್ಟೆಯಲ್ಲಿ, ದಿಂಬಿನಲ್ಲಿ ಇತ್ತು. ಪಂಕ್ಚರ್ ಮುಗಿಯುವ ತನಕ ನಾನು ಅಲ್ಲಿ ಸ್ಟೂಲಿನ ಮೇಲೆ ಕೂತು ಆ ಮಳೆಗಾಲದಲ್ಲೇ ಇದ್ದೆ.

ನಮ್ಮೂರು ಕೊಣನೂರಿನಿಂದ ಒಳಗೆ, ಕಾವೇರಿ ಕಡೆಗೆ ಇಳಿಯುವ ದಾರಿಯಲ್ಲಿ. ನಾನು ಮಾಡುವ ಕೆಲಸ ದನಗಳಿಗೆ ಕೃತಕ ಗರ್ಭಧಾರಣೆ. ಊರಿನವರು ಮುಜುಗರಕ್ಕೆ ಅದನ್ನು ‘ಸೂಜಿ ಹಾಕ್ಸೋದು’ ಅನ್ನುತ್ತಾರೆ, ನನ್ನನ್ನು ಡಾಕ್ಟರಮ್ಮ ಅನ್ನುತ್ತಾರೆ. ಎರಡೂ ಸುಳ್ಳು. ಆದರೆ ಕೆಲಸ ಸುಳ್ಳಲ್ಲ. ಹಸು ಬೆದೆಗೆ ಬಂದರೆ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಅಷ್ಟರೊಳಗೆ ನಾನು ಹೋಗಿ ಮುಟ್ಟಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಆ ಮೂರು ವಾರ ಹಾಲಿಲ್ಲದ ಹಸುವಿಗೆ ಮೇವು ಹೊಂಚಬೇಕು. ಒಂದೇ ಹಸುವಿನ ಮೇಲೆ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ಕೈಗಿಂತ ಗಾಡಿ ದೊಡ್ಡದು. ಹೋರಿಯ ವೀರ್ಯದ ಕಡ್ಡಿಗಳನ್ನು ಕೆಡದ ಹಾಗೆ ತಣ್ಣಗಿಡುವ ನೈಟ್ರೋಜನ್ ಕ್ಯಾನನ್ನು ಹಿಂದಿನ ಸೀಟಿನ ಪಕ್ಕಕ್ಕೆ ಕಟ್ಟಿಕೊಂಡು, ಫೋನ್ ಬಂದ ಕಡೆಗೆ ಓಡಬೇಕು.

ನಮ್ಮೂರಿನಲ್ಲಿ ಈ ಕೆಲಸ ಮಾಡುತ್ತಿದ್ದವರು ವಯಸ್ಸಾಗಿ ಬಿಟ್ಟಾಗ ನಾನು ಹಾಸನದಲ್ಲಿ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಡೈರಿಯ ಸಮಿತಿಯಲ್ಲಿ ನನ್ನ ಯಜಮಾನರ ಅಣ್ಣ, ಅಂದರೆ ನನ್ನ ಭಾವ ಶಿವಣ್ಣ, ದೊಡ್ಡ ತಲೆ. ಅವರಿಗೆ ಈ ಕೆಲಸ ತಮ್ಮ ಬಾಮೈದ ಲೋಕೇಶನಿಗೆ ಸಿಗಬೇಕೆಂಬ ಆಸೆ. ಲೋಕೇಶ ಹೊಳೆನರಸೀಪುರದ ಕಡೆಯವನು, ಸ್ವಂತ ಕ್ಯಾನು ಇಟ್ಟುಕೊಂಡು ಅಲ್ಲಿ ಇದೇ ಕೆಲಸ ಮಾಡುತ್ತಿದ್ದ. ಹಾಲು ಹಾಕುವ ಹೆಂಗಸರೆಲ್ಲ ನನ್ನ ಹೆಸರು ಹೇಳಿದ್ದರಿಂದ ಭಾವ ಬಾಯಿ ಬಿಟ್ಟು ಬೇಡ ಅನ್ನಲಿಲ್ಲ. ದೀಪಾವಳಿ ತನಕ ನೋಡೋಣ, ಒಂದು ಹಸ ತಪ್ಪಿದರೂ ಬೇರೆಯವರನ್ನು ಕರೆಯೋಣ ಅಂತ ಸಮಿತಿಯಲ್ಲಿ ಮಾತು ಕಟ್ಟಿಸಿದರು. ಒಂದೂ ತಪ್ಪದೆ ಇರಲು ನಾನೇನು ಯಂತ್ರವಾ ಅಂತ ಯಜಮಾನರ ಹತ್ತಿರ ಜಗಳವಾಡಿದೆ. ಅವರು ಒಳ್ಳೆಯವರು. ಆದರೆ ಅಣ್ಣನ ಎದುರು ಅವರ ನಾಲಿಗೆ ಮಡಿಸಿಕೊಳ್ಳುತ್ತದೆ.

ಆ ವರ್ಷ ಮುಂಗಾರಿಗೆ ಸರಿಯಾಗಿ ಮನೆಮನೆಗೆ ನಲ್ಲಿ ಹಾಕಲು ರಸ್ತೆ ಅಗೆದರು. ಪೈಪು ಹೂತರು, ಮಣ್ಣು ಎಳೆದರು, ಹೋದರು. ಮಳೆ ಬಂತು. ಎಳೆದ ಮಣ್ಣು ಕುಸಿದು ರಸ್ತೆಯ ನಡುವೆ ಉದ್ದಕ್ಕೂ ಒಂದು ಕಾಲುವೆ, ಅದರ ಅಂಚಿನಲ್ಲಿ ಅಗೆದು ತೆಗೆದ ಬಂಡೆಚೂರುಗಳು ಹಲ್ಲು ಕಿರಿದುಕೊಂಡು ನಿಂತವು. ಜೂನ್ ಮುಗಿಯುವುದರೊಳಗೆ ನನ್ನ ಗಾಡಿ ಅಂಥದೊಂದು ಕಲ್ಲಿನ ಮೇಲೆ ಹೊಟ್ಟೆ ಹಾಕಿಕೊಂಡು ಕೂತಿತು. ಎಂಜಿನ್ನಿನ ತಳ ಒಡೆದು ಆಯಿಲ್ ಪೂರ್ತಿ ಕೆಸರಿಗೆ ಹೋಯಿತು. ಹಸು ತಪ್ಪಲಿಲ್ಲ, ಉಳಿದ ದಾರಿಯನ್ನು ಕ್ಯಾನು ಹೊತ್ತುಕೊಂಡು ನಡೆದೆ. ಆದರೆ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದದ್ದನ್ನು ಊರೆಲ್ಲ ನೋಡಿತು. ಡೈರಿ ಮುಂದೆ ಭಾವ ನಿಂತಿದ್ದರು.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಅಂದರು, ನನ್ನ ಕಡೆ ನೋಡದೆ.

ನನಗೆ ಇವತ್ತಿಗೂ ಆ ಗಾದೆ ಕೇಳಿದರೆ ಮೈ ಉರಿಯುತ್ತದೆ. ನೆಲ ಡೊಂಕೇ ಇತ್ತು. ಬೇಕಾದರೆ ದಾರ ಹಿಡಿದು ನೋಡಬಹುದಿತ್ತು.

ಹಾಸನದಲ್ಲಿ ಗಾಡಿ ರಿಪೇರಿ ಮಾಡಿಸುವಾಗ ಎಂಜಿನ್ ತಳಕ್ಕೆ ಹಾಕುವ ಗಾರ್ಡ್ ಕೇಳಿದೆ. ಅದು ಗುಡ್ಡ ಹತ್ತುವ ದೊಡ್ಡ ಬೈಕುಗಳಿಗೆ ಬರುತ್ತದೆ, ನಿಮ್ಮದು ಪೇಟೆಯಲ್ಲಿ ಓಡಿಸುವ ಗಾಡಿ, ಅದಕ್ಕೆ ಯಾರೂ ಮಾಡುವುದಿಲ್ಲ ಅಂದರು. ಯಾರೂ ಮಾಡದಿದ್ದರೆ ನಾನು ಮಾಡುತ್ತೇನೆ ಅಂದುಕೊಂಡು ಬಂದೆ. ಹೇಳುವುದು ಸುಲಭ. ಕೊಣನೂರಿನ ಸಂತೆಬೀದಿಯ ಹಿಂದೆ ಕೇಶವಾಚಾರಿ ಅಂತ ಒಬ್ಬರ ಕಮ್ಮಾರಸಾಲೆ ಇದೆ. ಒಂದು ಕಡೆ ಅಪ್ಪನ ಕಾಲದ ಕುಲುಮೆ, ಇನ್ನೊಂದು ಕಡೆ ವೆಲ್ಡಿಂಗ್ ಮಿಷಿನ್ನು. ಭಾರಿ ಜಂಬದ ಮನುಷ್ಯ. ಗೇಟು ಮಾಡಿದರೂ ದೇವಸ್ಥಾನದ ಕಳಸ ಮಾಡಿದ ಹಾಗೆ ಮಾತಾಡುತ್ತಾರೆ. ಅವರಿಗೆ ವಿಷಯ ಹೇಳಿದರೆ ತಮ್ಮ ಇಪ್ಪತ್ತು ಗೇಟುಗಳ ಕಥೆ ಹೇಳಿ, ಬೈಕಿನ ಹೊಟ್ಟೆಗೆ ಕವಚ ಹೊಲಿಯಲು ತಾನು ದರ್ಜಿಯಲ್ಲ ಅಂದರು. ಬೇಕಾದರೆ ಒಳ್ಳೆಯ ಸೀರೆ ಗಾರ್ಡು ಮಾಡಿಕೊಡುತ್ತೇನೆ, ಹೂವಿನ ಡಿಸೈನಿನದು ಅಂದರು. ಹೆಂಗಸು ಗಾಡಿಯ ಮೇಲೆ ಹಿಂದೆ ಕೂರುತ್ತಾಳೆ, ಅವಳ ಸೆರಗು ಚಕ್ರಕ್ಕೆ ಸಿಕ್ಕದಿದ್ದರೆ ಸಾಕು, ಅವಳಿಗೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಯಾಕೆ?

ಮನೆಗೆ ಬಂದು ಅತ್ತೆಯ ಮುಂದೆ ಕೂಗಾಡಿದೆ. ಅತ್ತೆ ಅನ್ನುವವರು ನಮ್ಮ ಮನೆಯಲ್ಲೇ, ಕಿರಿಯ ಮಗನ ಜೊತೆ ಇರುವವರು. ಹರೆಯದಿಂದಲೂ ಹೊಗೆಸೊಪ್ಪು ಕಟ್ಟಿ, ಬೇರನ್ ಕಾದು, ಅವರ ಬೆರಳು ಈಗಲೂ ಕಂದು. ಬೇರನ್ ಅಂದರೆ ಹಸಿ ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಎತ್ತರದ ಮನೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಒಳಗೆ ನೆಲದ ಮೇಲೆ ಹಾಯ್ದ ದಪ್ಪ ತಗಡಿನ ಕೊಳವೆಗಳಲ್ಲಿ ಆ ಶಾಖ ಓಡಾಡುತ್ತದೆ, ಮೇಲೆ ಸಾಲುಸಾಲು ಸೊಪ್ಪು ತೂಗುತ್ತದೆ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಭಾವ ತೋಟದ ಕಡೆ ಹೊಸ ಬೇರನ್ ಕಟ್ಟಿಕೊಂಡರು, ನಮ್ಮ ಹಿತ್ತಲಿನ ಹಳೆಯದು ಪಾಳುಬಿತ್ತು. ಅತ್ತೆ ನನ್ನ ಕೂಗಾಟ ಮುಗಿಯುವವರೆಗೆ ಎಲೆ ಅಡಿಕೆ ಅಗಿದು, ಎದ್ದು ಹೋಗಿ, ಆ ಪಾಳು ಬೇರನ್ನಿನೊಳಗಿಂದ ಒಂದು ಕೊಳವೆಯನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದರು. ಇದನ್ನು ಕೊಯ್ದುಕೋ ಅಂದರು. ಭಾವ ಏನಾದರೂ ಅಂದರೆ ಅಂತ ನಾನು ಹಿಂದೆಮುಂದೆ ನೋಡಿದ್ದಕ್ಕೆ, ಅವನ ಹೊಟ್ಟೆಗೆ ಇದೇ ಕೊಳವೆ ಅನ್ನ ಹಾಕಿದ್ದು, ನಿನ್ನ ಗಾಡಿಯ ಹೊಟ್ಟೆಗೂ ಹಾಕಲಿ ಅಂದರು.

ನಾವಿಬ್ಬರೂ ಸೇರಿ ಅಂಗಳದಲ್ಲೇ ಆ ತಗಡಿಗೆ ಆಕಾರ ಕೊಟ್ಟೆವು. ಉಳಿ ಹೊಡೆದು ಸೀಳಿದೆವು, ಒರಳುಕಲ್ಲಿನ ಬೆನ್ನಿಗೆ ಇಟ್ಟು ಬಡಿದು ಬಗ್ಗಿಸಿದೆವು. ಹಲಗೆಗೆ ಆಧಾರ ಕೊಡಲು ಗಟ್ಟಿ ಸರಳು ಬೇಕಿತ್ತು. ನನ್ನ ಕಣ್ಣು ಗಾಡಿಯ ಎಡಕ್ಕೆ ಸುಮ್ಮನೆ ಕೂತಿದ್ದ ಸೀರೆ ಗಾರ್ಡಿನ ಮೇಲೆ ಬಿತ್ತು. ಬಿಚ್ಚಿ, ಗರಗಸ ಹಾಕಿ, ಅದರ ಸರಳುಗಳನ್ನೇ ತೆಗೆದುಕೊಂಡೆ. ಆಮೇಲೊಮ್ಮೆ ಹೊಳೆನರಸೀಪುರದಲ್ಲಿ ಟ್ರಾಫಿಕ್ಕಿನವರು ಹಿಡಿದು ಸೀರೆ ಗಾರ್ಡು ಎಲ್ಲಮ್ಮ, ಹಿಂದೆ ಕೂತವರ ಗತಿಯೇನು ಅಂತ ಕೇಳಿದರು. “ಇಂದೆ ಕೂರೋರು ನಮ್ ಯಜಮಾನ್ರು ಸಾ, ಅವ್ರು ಪ್ಯಾಂಟ್ ಆಕ್ತಾರೆ” ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ, ಬೇಗ ಹಾಕಿಸು ಅಂತ ಹೇಳಿ ಬಿಟ್ಟರು. ಅದನ್ನು ಹಾಕಿಸಿದೆ, ನಿಜ. ಆದರೆ ಹೂವಿನ ಡಿಸೈನಿನದಲ್ಲ.

ತಗಡು ಕೂರಿಸುವಾಗ ನಮ್ಮಿಬ್ಬರಿಗೂ ಒಂದೇ ಹಟ. ಎಲ್ಲೂ ಸಂದು ಇರಬಾರದು. ಬೇರನ್ ಮನೆತನದವರಿಗೆ ಸಂದು ಅಂದರೆ ಶತ್ರು. ಸೊಪ್ಪು ಏರಿಸಿದ ಮೇಲೆ ಗೋಡೆಯಲ್ಲಿ ಎಲ್ಲಿ ಬಿರುಕು ಕಂಡರೂ ಅತ್ತೆ ಹಿಡಿ ಸಗಣಿಮಣ್ಣು ತಂದು ಮೆತ್ತುತ್ತಿದ್ದವರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಹೇಳಿಕೊಂಡೇ ಅವರು ಗಾಡಿಗೂ ತಗಡು ಸುತ್ತಿದರು. ತಳಕ್ಕೆ ಮಾತ್ರ ಸಾಲದು, ಮುಂದಿನ ಚಕ್ರ ಕೆಸರು ಎರಚುತ್ತದೆ ಅಂತ ಎಂಜಿನ್ನಿನ ಎದೆಗೂ ಮುಚ್ಚಿದೆವು, ಪಕ್ಕೆಗೂ ಮುಚ್ಚಿದೆವು. ಮುಗಿದಾಗ ಎಂಜಿನ್ನು ಒಂದು ಬೆರಳಗಲವೂ ಕಾಣಿಸುತ್ತಿರಲಿಲ್ಲ. ಯಜಮಾನರು ಸುತ್ತ ಬಂದು ನೋಡಿ, ಯುದ್ಧದ ಟ್ಯಾಂಕ್ ಆಯಿತಲ್ಲ ಅಂದರು. ನನಗೂ ಅತ್ತೆಗೂ ಎದೆ ಉಬ್ಬಿತು.

ಜುಲೈ ಪೂರ್ತಿ ಜಡಿಮಳೆ. ತಗಡಿಗೆ ಕಲ್ಲು ಬಡಿಯುವ ಸದ್ದು ಕೇಳಿ ಜನ ದೂರದಿಂದಲೇ ಡಾಕ್ಟರಮ್ಮ ಬಂದಳು ಅನ್ನುತ್ತಿದ್ದರು. ರುದ್ರಪಟ್ಟಣದ ಕಡೆ ಒಂದು ಮನೆಯಲ್ಲಿ ಸಂಗೀತದ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗಿಯರು ನನ್ನ ಗಾಡಿ ಹೋಗುವ ತನಕ ಹಾಡು ನಿಲ್ಲಿಸುತ್ತಿದ್ದರು. ತಣ್ಣಗಿನ ಮಳೆಯಲ್ಲಿ ಎಂಜಿನ್ನಿಗೂ ಏನೂ ಆಗಲಿಲ್ಲ. ಹಾಗಾಗಿ ನಮ್ಮ ತಪ್ಪು ನಮಗೆ ತಿಳಿಯಲಿಲ್ಲ.

ಆಗಸ್ಟಿನಲ್ಲಿ ನಾಲ್ಕಾರು ದಿನ ಮಳೆ ಬಿಟ್ಟು ಸುಡುವ ಬಿಸಿಲು ಬಂತು. ಊರಿನ ಬೇರನ್ನುಗಳೆಲ್ಲ ಹೊತ್ತಿಕೊಂಡು, ಬೇಯುವ ಸೊಪ್ಪಿನ ಸಿಹಿ ಘಾಟು ಎಲ್ಲ ಕಡೆ ಹಬ್ಬಿತ್ತು. ಮೋರಿಯಾಚೆಯ ಹಟ್ಟಿಯ ದೇವೀರಮ್ಮ ಬೆಳಿಗ್ಗೆ ಫೋನ್ ಮಾಡಿದಳು. ಗಂಡ ಸತ್ತ ಮೇಲೆ ಒಂದೇ ಹಸುವಿನ ಹಾಲಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವಳು. ಸಮಿತಿಯಲ್ಲಿ ನನ್ನ ಹೆಸರನ್ನು ಮೊದಲು ಹೇಳಿದ್ದೂ ಅವಳೇ. ನಾನು ಅರಕಲಗೂಡಿನ ಕಡೆ ಒಂದು ಹಸು ಮುಗಿಸಿ, ಸಂಜೆಯೊಳಗೆ ಅವಳಲ್ಲಿಗೆ ಮುಟ್ಟುತ್ತೇನೆ ಅಂತ ಹೊರಟೆ. ದಾರಿಯ ಏರಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಸುಟ್ಟ ಆಯಿಲ್ಲಿನ ವಾಸನೆ ಬಂತು. ತಗಡಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು. ಎರಡು ಸಲ ಕೆಮ್ಮಿ ಎಂಜಿನ್ ಕಚ್ಚಿಕೊಂಡು ನಿಂತಿತು, ಕಿಕ್ಕರ್ ತುಳಿದರೆ ಕಾಲು ಅಲ್ಲೇ ನಿಂತಿತು. ಫೋನಿಗೆ ಸಿಗ್ನಲ್ ಇರಲಿಲ್ಲ, ಆ ಹೊತ್ತಿಗೆ ಬಸ್ಸೂ ಇರಲಿಲ್ಲ. ಸೊಪ್ಪಿನ ಗಾಡಿಯೊಂದನ್ನು ಹಿಡಿದು ಊರು ಮುಟ್ಟುವುದರೊಳಗೆ ಹಸುವಿನ ಹೊತ್ತು ಮೀರಿತ್ತು.

ದೇವೀರಮ್ಮ ಬಯ್ಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳಿ ಹಗುರವಾಗುತ್ತಿದ್ದೆ. ಹಸುವಿನ ಹಣೆ ಸವರುತ್ತಾ, “ನೀ ಬತ್ತೀಯ ಅಂತ ನಾ ಬ್ಯಾರೆ ಯಾರ್ಗೂ ಏಳ್ಲಿಲ್ಲ ಕಣವ್ವ” ಅಂದಳು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅಳುತ್ತಾ ಬಂದೆ. ನಾಚಿಕೆಗಲ್ಲ, ಸಿಟ್ಟಿಗೆ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಭಾವ ಮಾತು ಮುಗಿಸಿಯೇ ಬಿಟ್ಟರು. ಒಂದು ಹಸ ತಪ್ಪಿತು, ಮಾತು ಮಾತೇ. ಇನ್ನು ಮೇಲೆ ಫೋನು ಮೊದಲು ಲೋಕೇಶನಿಗೆ. ದೀಪಾವಳಿಗೆ ಪೂರ್ತಿ ಅವನಿಗೇ ಬರೆದುಕೊಡುವುದು. ಗಾಡಿಗೆ ತಗಡು ಸುತ್ತಿಕೊಂಡು ಆಟ ಆಡುವವರಿಗೆ ದನದ ಕೆಲಸ ಯಾಕೆ ಅಂದರು. ಕೆಲವರು ನಕ್ಕರು. ನಕ್ಕವರ ಮುಖ ನನಗೆ ಒಂದೊಂದೂ ನೆನಪಿದೆ.

ಎಂಜಿನ್ ರಿಪೇರಿಯಾಗಿ ಬಂದ ದಿನ ನಾನು ಅಂಗಳದಲ್ಲಿ ಆ ಸುಟ್ಟ ತಗಡನ್ನು ಮುಂದಿಟ್ಟುಕೊಂಡು ಕೂತಿದ್ದೆ. ಎದುರಿಗೆ ಪಾಳು ಬೇರನ್. ಅದರ ಗೋಡೆಯ ಬುಡದಲ್ಲಿ ಸಾಲಾಗಿ ಗಾಳಿಕಿಂಡಿಗಳು, ಮಾಡಿನ ಮೇಲೂ ಒಂದು ದೊಡ್ಡ ಕಿಂಡಿ. ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದೆ. ಸೊಪ್ಪು ಹಳದಿಯಾಗುವ ತನಕ ಅವನ್ನು ಮುಚ್ಚಿಡುತ್ತಾರೆ, ಆಮೇಲೆ ಒಂದಿಷ್ಟಿಷ್ಟೇ ತೆರೆಯುತ್ತಾರೆ. ತೆರೆಯದಿದ್ದರೆ ಒಳಗಿನದೆಲ್ಲ ಬೆವರಿ ಕಪ್ಪಾಗುತ್ತದೆ. ನನ್ನ ಗಾಡಿಯ ಎಂಜಿನ್ನು ತಣ್ಣಗಾಗುವುದು ಮುಂದಿನಿಂದ ನುಗ್ಗುವ ಗಾಳಿಯಿಂದ. ನಾವು ಅತ್ತೆಸೊಸೆ ಕಿಂಡಿಯೇ ಇಲ್ಲದ ಬೇರನ್ ಕಟ್ಟಿ, ಒಳಗೆ ಒಲೆ ಹಚ್ಚಿದ್ದೆವು. ಅತ್ತೆಗೆ ತೋರಿಸಿದೆ. ಅವರು ಕಿಂಡಿಯನ್ನೂ ತಗಡನ್ನೂ ನೋಡಿ, ನಿಮ್ಮ ಮಾವ ಇದ್ದಿದ್ದರೆ ನಮ್ಮಿಬ್ಬರಿಗೂ ದನಕ್ಕೆ ಬಡಿದ ಹಾಗೆ ಬಡಿಯುತ್ತಿದ್ದರು ಅಂತ ನಕ್ಕರು. ನನಗೂ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಕೊಳವೆಯ ತಗಡು ವರ್ಷಗಟ್ಟಲೆ ಕಾದು ಕಾದು ಪೊರೆಯೆದ್ದಿತ್ತು, ಇನ್ನು ಆಗುವಂಥದ್ದಲ್ಲ. ಈ ಸಲ ನನ್ನ ಕಣ್ಣು ಬೇರನ್ನಿನ ಒಲೆಯ ಬಾಗಿಲಿಗೆ ಹೋಯಿತು. ಅಂಗೈದಪ್ಪ ಅಲ್ಲದಿದ್ದರೂ ಗಟ್ಟಿ ಕಬ್ಬಿಣದ ಹಲಗೆ, ಒಬ್ಬರಿಂದ ಎತ್ತುವುದೇ ಕಷ್ಟ. ಅತ್ತೆ ಒಂದು ಕಡೆ, ನಾನು ಒಂದು ಕಡೆ ಹಿಡಿದು ಕೀಲು ಕಳಚಿದೆವು. ಆಟೋದಲ್ಲಿ ಹಾಕಿಕೊಂಡು ನೇರವಾಗಿ ಆಚಾರಿಯವರ ಸಾಲೆಗೆ ಹೋದೆ. ಇದನ್ನು ಮೂರು ಭಾಗ ಕೊಯ್ದು, ನಡುವಿನದನ್ನು ಕುಲುಮೆಯಲ್ಲಿ ಕಾಯಿಸಿ ದೋಣಿಯ ಹಾಗೆ ಬಗ್ಗಿಸಬೇಕು ಅಂದೆ. ಆಚಾರಿ ಈ ಸಲ ನಗಲಿಲ್ಲ, ಕಬ್ಬಿಣ ನೋಡಿದರೆ ಅವರಿಗೆ ಆಸೆ. ಆದರೆ ಸಮ್ಮಟಿಗೆ ಹೊಡೆಯುವ ಆಳು ಬಂದಿಲ್ಲ ಅಂದರು. ನಾನು ಹೊಡೆಯುತ್ತೇನೆ ಅಂದೆ. ಕುಲುಮೆಯ ಮುಂದೆ ಹೆಂಗಸರು ಸಮ್ಮಟಿಗೆ ಹಿಡಿಯುವ ಪದ್ಧತಿ ಇಲ್ಲವಂತೆ. ಅಷ್ಟು ಹೇಳುವಾಗ ಅವರ ಹೆಂಡತಿ ಅಲ್ಲೇ ಮೂಲೆಯಲ್ಲಿ ಕೂತು ತಿದಿ ಒತ್ತುತ್ತಿದ್ದರು, ಬೆಂಕಿ ಊದುವ ಆ ಚರ್ಮದ ಚೀಲವನ್ನು ಅವರು ಎಷ್ಟು ವರ್ಷದಿಂದ ಒತ್ತುತ್ತಿದ್ದರೋ.

“ಬೆಂಕಿ ಊದಾಕೆ ಎಂಗ್ಸು ಆಯ್ತಾಳೆ, ಒಡ್ಯಾಕೆ ಆಗಲ್ವಾ ಆಚಾರ್ರೆ?” ಅಂದೆ.

ಅವರು ಉತ್ತರ ಕೊಡುವ ಮೊದಲು ಹೆಂಡತಿ ಎದ್ದು ಬಂದು ಸಮ್ಮಟಿಗೆಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಹೋಗಿ ಕೂತರು. ಚಪ್ಪಲಿ ಬಿಟ್ಟು, ಅಡಿಗಲ್ಲಿಗೆ ಕೈಮುಗಿದು ಹೊಡೆಯಲು ಶುರುಮಾಡಿದೆ. ಕೆಂಪಗೆ ಕಾದ ಹಲಗೆಯನ್ನು ಆಚಾರಿ ಇಕ್ಕಳದಲ್ಲಿ ತಿರುಗಿಸಿ ಹಿಡಿಯುವುದು, ಅವರು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸಿದ ಜಾಗಕ್ಕೆ ನಾನು ಬಾರಿಸುವುದು. ಮೊದಲ ಏಟುಗಳು ಎಲ್ಲೆಲ್ಲೋ ಬಿದ್ದವು. ಭಾವನ ಗಾದೆ ನೆನೆಸಿಕೊಂಡ ಮೇಲೆ ಸರಿಯಾಗಿ ಬೀಳತೊಡಗಿದವು. ಮಧ್ಯಾಹ್ನಕ್ಕೆ ಆಕಾರ ಬಂತು. ಮುಂದಿನ ಕಡೆ ಸಾಲಾಗಿ ಕಿಂಡಿ ಕೊರೆದೆ, ತಳದಲ್ಲಿ ಆಯಿಲ್ ಬಿಡುವ ಬೋಲ್ಟಿಗೆ ಒಂದು ತೂತು ಬಿಟ್ಟೆ. ಪಕ್ಕೆಗಳನ್ನು ಪೂರ್ತಿ ತೆರೆದೇ ಇಟ್ಟೆ. ಸೀರೆ ಗಾರ್ಡಿನ ಸರಳುಗಳನ್ನು ಕೊಕ್ಕೆ ಮಾಡಿ, ಅದುರದ ಹಾಗೆ ನಡುವೆ ಹಳೆಯ ಟೈರಿನ ತುಂಡು ಕೊಟ್ಟು ಗಾಡಿಯ ಕೆಳಗೆ ಬಿಗಿದೆವು. ಆಚಾರಿ ದೂರ ನಿಂತು ನೋಡಿ, ತಾನು ಮಾಡಿದ್ದರಲ್ಲಿ ಇದೇ ಒಳ್ಳೆಯದು ಅಂದರು. ಹೇಳಿಕೊಳ್ಳಲಿ ಪಾಪ ಅಂದುಕೊಂಡೆ. ಮೂಲೆಯಿಂದ ಅವರ ಹೆಂಡತಿ ಮಾತ್ರ ಕೆಮ್ಮಿದರು.

ಸೆಪ್ಟೆಂಬರಿನಲ್ಲಿ ಮಳೆ ಮತ್ತೆ ಹಿಡಿಯಿತು. ಲೋಕೇಶ ಹೊಸ ಗಾಡಿಯಲ್ಲಿ ಬಂದು ಹೋಗುತ್ತಿದ್ದ. ಚೆನ್ನಾಗಿ ಹೊಳೆಯುವ ಗಾಡಿ, ಸುತ್ತ ರೆಡಿಮೇಡ್ ಗಾರ್ಡು. ಡಾಂಬರಿನ ಪಕ್ಕದ ಮನೆಗಳಿಗೆ ಅವನು, ಕೆಸರಿನೊಳಗಿನ ಮನೆಗಳಿಗೆ ಯಾರೂ ಹೇಳದಿದ್ದರೂ ನಾನು ಅಂತ ಆಗಿಹೋಗಿತ್ತು. ದೇವೀರಮ್ಮನ ಹಸುವಿನ ಸರದಿ ಮತ್ತೆ ಬಂದಾಗ ಅವಳು ಸಮಿತಿಯ ಮಾತಿನಂತೆ ಅವನಿಗೇ ಮೊದಲು ಫೋನ್ ಮಾಡಿದಳು. ಮಧ್ಯಾಹ್ನ ನನ್ನ ಫೋನ್ ಬಡಿದುಕೊಂಡಿತು. “ಅವ್ನು ಮೋರಿ ತಾವ ನಿಂತವ್ನೆ, ಕೆಳೀಕೆ ಇಳಿಯಲ್ಲ ಅಂತಾನೆ. ನೀ ಬತ್ತೀಯಾ?” ಅಂದಳು. ಅವಳ ದನಿಯಲ್ಲಿ ನಂಬಿಕೆಗಿಂತ ಅಂಜಿಕೆಯೇ ಹೆಚ್ಚಿತ್ತು.

ಕ್ಯಾನು ಕಟ್ಟುತ್ತಿದ್ದೆ. ಯಜಮಾನರು ಒಳಗಿಂದ ರೇನ್‌ಕೋಟು ಹಾಕಿಕೊಂಡು ಬಂದು ಹಿಂದಿನ ಸೀಟಿನ ಮೇಲೆ ಕೂತು ಕ್ಯಾನನ್ನು ತಬ್ಬಿಕೊಂಡರು. ಅಣ್ಣನ ಮನೆಯ ಮುಂದೆಯೇ ಹಾದು ಹೋಗಬೇಕು ಅಂತ ಅವರಿಗೆ ಗೊತ್ತಿತ್ತು. ಜಗಲಿಯಲ್ಲಿ ಭಾವ ಕೂತಿದ್ದರು. ನನ್ನ ಗಂಡ ಅಣ್ಣನ ಕಡೆ ನೇರವಾಗಿ ನೋಡಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಅವತ್ತಿನಷ್ಟು ಅವರ ಮೇಲೆ ನನಗೆ ಯಾವತ್ತೂ ಪ್ರೀತಿ ಬಂದಿರಲಿಲ್ಲ.

ಮೋರಿಯ ಹತ್ತಿರ ಲೋಕೇಶ ಕೊಡೆ ಹಿಡಿದು ನಿಂತಿದ್ದ, ಗಾಡಿಗೆ ಪ್ಲಾಸ್ಟಿಕ್ ಹೊದಿಸಿದ್ದ. “ಒಸ ಗಾಡಿ ಕಣಕ್ಕ, ಇಲ್ಲಿಗೆಲ್ಲ ಇಳ್ಸಾಕಾಗಲ್ಲ” ಅಂದ. ಕೆಟ್ಟ ಹುಡುಗನಲ್ಲ, ಅವನಿಗೆ ಗಾಡಿಯ ಮೇಲೆ ಆಸೆ. ಗಾಡಿಯನ್ನು ಕಾಪಾಡಲು ಎರಡು ದಾರಿ. ಕಲ್ಲಿರುವ ಕಡೆ ಹೋಗದೆ ಇರುವುದು ಒಂದು. ಕಲ್ಲು ತಾಗುತ್ತದೆ ಅಂತ ತಿಳಿದು, ತಾಗಲಿ ಅಂತ ಹೋಗುವುದು ಇನ್ನೊಂದು. ನಾನು ಮೊದಲ ಗೇರಿಗೆ ಹಾಕಿ ಇಳಿಸಿದೆ. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಕಲ್ಲು ಎಲ್ಲಿದೆ ಅಂತ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ತಳಕ್ಕೆ ಖಣ್ ಅಂತ ಒಂದು ಬಡಿಯಿತು, ಇನ್ನೊಂದು ಬಡಿದು ಹಲಗೆಯ ಉದ್ದಕ್ಕೂ ಗೀರಿಕೊಂಡು ಹೋಯಿತು. ಒಂದು ಕಡೆ ಗಾಡಿ ಪೂರ್ತಿ ಹಲಗೆಯ ಮೇಲೆಯೇ ಕೂತು, ಹಿಂದಿನ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗಿತು. ಯಜಮಾನರು ಕ್ಯಾನನ್ನು ಹೆಗಲಿಗೇರಿಸಿಕೊಂಡು ಇಳಿದು ತಳ್ಳಿದರು. ಹಲಗೆ ಕಲ್ಲಿನ ಮೇಲೆ ಜಾರಿ ಆಚೆಗೆ ಬಂತು. ಎಂಜಿನ್ನಿಗೆ ಒಂದು ಗೀರೂ ಆಗಲಿಲ್ಲ.

ದೇವೀರಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಬಿಸಿನೀರು ಇಟ್ಟುಕೊಂಡು ನಿಂತಿದ್ದಳು. ಕೆಲಸ ಮುಗಿಯಿತು. ಅವಳು ನನ್ನ ಕೆಸರು ಕಾಲಿಗೆ ಆ ಬಿಸಿನೀರು ಸುರಿದಳು.

ಸುದ್ದಿ ನನಗಿಂತ ಮೊದಲು ಡೈರಿಗೆ ಮುಟ್ಟಿತ್ತು. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಕೆಳಗಿಟ್ಟು ನನ್ನ ಗಾಡಿಯ ಸುತ್ತ ನಿಂತಿದ್ದರು. ಭಾವ ಬಂದರು. ಕೈಯಲ್ಲಿ ಸ್ಪ್ಯಾನರು. ಹಳೆಯ ಬೇರನ್ನಿನ ಒಲೆಯ ಬಾಯಿ ಬರಿದಾಗಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಆ ಬಾಗಿಲು ಪಾಲಾಗದ ಸಾಮಾನು, ಯಾರನ್ನು ಕೇಳಿ ಕುಯ್ಯಿಸಿದ್ದು, ಈಗಲೇ ಬಿಚ್ಚು ಅಂತ ಎಲ್ಲರ ಮುಂದೆ ಕೂಗಿದರು. ಯಾವ ಬಾಗಿಲು ಯಾರದ್ದು ಅಂತ ಹೇಳಲು, ಆ ಹೆಂಗಸರ ಜೊತೆ ನಿಂತಿದ್ದ ಅತ್ತೆ ಬಾಯಿ ತೆಗೆದರು. ನಾನು ಅವರ ಕೈ ಹಿಡಿದು ತಡೆದೆ. ಈ ಜಗಳ ಬಾಗಿಲಿನದಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಲಗೆ ಕಳಚಿದರೆ ನಾನು ಕೆಸರಿಗೆ ಇಳಿಯುವಂತಿಲ್ಲ, ಇಳಿಯದಿದ್ದರೆ ಕೆಲಸವಿಲ್ಲ.

ಬಿಚ್ಚಿಕೊಳ್ಳಿ ಬಾವ, ನಾನು ಮುಟ್ಟುವುದಿಲ್ಲ, ನಿಮ್ಮ ಕೈಯಾರೆ ಬಿಚ್ಚಿಕೊಳ್ಳಿ ಅಂದೆ.

ಅವರು ಪಂಚೆ ಎತ್ತಿ ಕಟ್ಟಿ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಗ್ಗಿದರು. ಹಲಗೆಯ ತಳ ಪೂರ್ತಿ ಗೀರು, ತಗ್ಗು. ಒಂದು ಕಡೆ ತೆಂಗಿನಚಿಪ್ಪಿನಷ್ಟು ಒಳಗೆ ಹೋಗಿತ್ತು. ವರ್ಷಗಟ್ಟಲೆ ಬೂದಿ ಹಿಡಿದಿದ್ದ ಕಬ್ಬಿಣ ಕಲ್ಲಿಗೆ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ಊರಿನ ರಸ್ತೆ ಏನು ಅಂತ ಅವರು ಅಲ್ಲಿ ಓದುತ್ತಿದ್ದರು ಅನ್ನಿಸಿತು. ಸ್ಪ್ಯಾನರನ್ನು ಬೋಲ್ಟಿಗೆ ಇಟ್ಟರು. ತಿರುಗಿಸಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, ಗಾಡಿಯ ಮುಂದಿನ ಚಕ್ರಕ್ಕೆ ಅಡ್ಡವಾಗಿಯೇ ನಿಂತು, ನನ್ನ ಬಿಟ್ಟು ಬೇರೆಲ್ಲೋ ನೋಡುತ್ತಾ ಮಾತಾಡಿದರು.

“ನಮ್ ತ್ವಾಟದ್ ಮನೆ ಅಸ ಬೆಳಿಗ್ಗಿಂದ ಕೂಗ್ತಾ ಐತೆ. ಲೋಕೇಶ ಮಳೆ ನಿಲ್ಲಲಿ ಅಂತಾನೆ. ನಾಳಿಕ್ ಬಂದ್ ನೋಡು.”

ತೋಟದ ಮನೆ ಮೋರಿಯಿಂದ ಇನ್ನೂ ಕೆಳಗೆ, ಕಾಲುವೆ ಅಲ್ಲಿ ಎರಡು ಪಟ್ಟು ಆಳ. ಅವರ ಮುಖ ನೋಡಿದರೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅಂದು ಬಿಟ್ಟುಬಿಡುವ ಮಳೆಗಾಲವಾಗಿರಲಿಲ್ಲ ಅದು. ನಾನು ಕ್ಯಾನಿನ ಬೆಲ್ಟು ಬಿಗಿದು ಗಾಡಿ ಹತ್ತಿದೆ.

“ಬೆದೆ ನಾಳೆಗಂಟ ಕಾಯಲ್ಲ ಬಾವ. ಈಗ್ಲೇ ಓಯ್ತೀನಿ. ದಾರಿ ಬಿಡಿ.”

ಅವರು ಪಕ್ಕಕ್ಕೆ ಸರಿದರು.